ಗೋಡೆ ನೋಡುತ್ತಿದ್ದ ಇಮಾಮಸಾಬರು

ಇಮಾಮಸಾಬರ ಬೆನ್ನು ನನಗೆ ಅವರ ಮುಖದಷ್ಟೇ ಪರಿಚಿತ. ಬೆಳಗಾವಿಯ ನೇಕಾರರ ಬಡಾವಣೆ ವಡಗಾವಿಯ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ಅವರ ಮೊಬೈಲ್ ರಿಪೇರಿ ಅಂಗಡಿ ಇತ್ತು. ಬಂದವರು ಫೋನಿನ ಲಾಕ್ ತೆಗೆಯಲು ಬೆರಳು ಮುಂದೆ ಮಾಡಿದರೆ ಸಾಕು, ಅವರು ತಿರುಗುವ ಸ್ಟೂಲಿನ ಮೇಲೆ ಗರಕ್ಕನೆ ತಿರುಗಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದರು. ಆ ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಂದು ಮೊಳೆ, ಅದಕ್ಕೆ ತೂಗುಹಾಕಿದ ಮಗ್ಗದ ಹಳೆಯ ಲಾಳಿ, ಅಷ್ಟೇ. ಆದರೂ ಬಹಳ ಗಮನವಿಟ್ಟು ನೋಡುತ್ತಿದ್ದರು. "ಆತೇನ್ರಿ?" ಎಂದು ಕೇಳಿ, "ಆತ್ರಿ" ಎಂಬ ಉತ್ತರ ಬಂದ ಮೇಲೆಯೇ ಈ ಕಡೆ ತಿರುಗುವುದು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನನ್ನ ಫೋನು ಇಡ್ಲಿಗೆ ನೆನೆಹಾಕಿದ ಅಕ್ಕಿಯಲ್ಲಿ ಮುಳುಗಿದಾಗ. ನಮ್ಮ ಮಹಾಂತೇಶ ನಗರದ ಅಂಗಡಿಯವರೆಲ್ಲ "ಹೊಸಾದು ತಗೋರಿ ಆಂಟಿ" ಎಂದರು. ಮನೆಗೆಲಸಕ್ಕೆ ಬರುವ ಶಾಂತವ್ವ ಮಾತ್ರ ವಡಗಾವಿಯ ಮುದುಕರ ಗುರುತು ಹೇಳಿದಳು. ಅವರು ಅದನ್ನು ಬಿಚ್ಚಿ, ಒಣಗಿಸಿ, ಮೂರನೆಯ ದಿನ ಜೀವ ಬರಿಸಿದರು. ಪರೀಕ್ಷಿಸಿ ನೋಡಲು ಪಾಸ್‌ವರ್ಡ್ ಬೇಕಲ್ಲ ಎಂದು ನಾನು, ನಲವತ್ತು ವರ್ಷ ಇಂಗ್ಲಿಷ್ ಡಿಕ್ಟೇಷನ್ ಕೊಟ್ಟ ಗಂಟಲಿನಲ್ಲಿ, "ಬರಕೊಳ್ರಿ, ಕ್ಯಾಪಿಟಲ್ ಆರ್, ಸ್ಮಾಲ್ ಓ..." ಎಂದು ಶುರು ಮಾಡಿದೆ. ಇಮಾಮಸಾಬರು ಎರಡೂ ಕಿವಿ ಮುಚ್ಚಿಕೊಂಡರು.

"ಅಕ್ಕೋರ, ನಿಂದರ್ರಿ. ಹೊರಗ ಚಹಾ ಕುಡಿಯಾಕ ನಿಂತ ಮೂರ ಮಂದಿಗೆ ನಿಮ್ಮ ಮನಿ ಕೀಲಿ ಅರ್ಧಾ ಸಿಕ್ತು."

ನನಗೆ ಸ್ವಲ್ಪ ಸಿಟ್ಟೇ ಬಂತು. ನಿಮ್ಮ ಮೇಲೆ ನಂಬಿಕೆ ಇದೆ, ಅದಕ್ಕೇ ಹೇಳಿದೆ ಎಂದೆ. ಅವರು ಸಣ್ಣ ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೇಳಿದ ಮಾತು ಆಮೇಲೆ ನಾನು ನೂರು ಸಲ ಕೇಳಿದ್ದೇನೆ: "ನಂಬಿಕಿ ಬ್ಯಾರೆ, ಕೀಲಿ ಬ್ಯಾರೆ ರೀ. ನಂಬಿಕಿ ಐತಂತ ಕೀಲಿ ಕೊಟ್ರ, ನಾಳೆ ಏನರೆ ಹೆಚ್ಚುಕಮ್ಮಿ ಆದಾಗ ಎರಡೂ ಹೋಗ್ತಾವ." ಅಲ್ಲೇ ಕೂಡಿಸಿ ನನ್ನಿಂದಲೇ ಪಾಸ್‌ವರ್ಡ್ ಬದಲು ಮಾಡಿಸಿದರು. ನನ್ನ ಬೆರಳು ನಿಧಾನ. ಪಾಪ, ಪೂರ್ತಿ ಹತ್ತು ನಿಮಿಷ ಲಾಳಿ ನೋಡುತ್ತ ಕೂತಿದ್ದರು.

ಈ ಅಭ್ಯಾಸ ಎಲ್ಲಿಂದ ಬಂತೆಂದು ಪರಿಚಯ ಬೆಳೆದ ಮೇಲೆ ಕೇಳಿದೆ. ಮೊಬೈಲು ಬರುವ ಮೊದಲು ಅವರು ಮಗ್ಗ ರಿಪೇರಿ ಮಾಡುತ್ತಿದ್ದರಂತೆ. ವಡಗಾವಿಯಲ್ಲಿ ಮಗ್ಗವೆಂದರೆ ಮನೆಯ ಒಳಗೇ. ಅದರ ಬದಿಗೇ ಒಲೆ, ತೊಟ್ಟಿಲು, ತಲೆ ಬಾಚಿಕೊಳ್ಳುವ ಹೆಣ್ಣುಮಕ್ಕಳು. ಮಗ್ಗದ ಕೆಲಸದವನು ಬಾಗಿಲಲ್ಲಿ ನಿಂತು ಕೆಮ್ಮಬೇಕು. ಒಳಗಿನವರು ಬರ್ರಿ ಎಂದ ಮೇಲೆ ಕಾಲಿಡಬೇಕು. ಕೆಟ್ಟ ಮಗ್ಗ ಬಿಟ್ಟು ಬೇರೆ ಎಲ್ಲೂ ಕಣ್ಣು ಹಾಯಿಸಬಾರದು. ಹದಿನಾರನೆಯ ವಯಸ್ಸಿನಲ್ಲಿ ಅಪ್ಪ ಕಲಿಸಿದ ಮೊದಲ ಪಾಠ ಅದು. ಪಾನಾ ಹಿಡಿದು ನಟ್ಟು ಬಿಗಿಮಾಡುವುದು ಎರಡನೆಯದು. "ಫೋನೂ ಮನೀನ ಅಲ್ಲೇನ್ರಿ?" ಎಂದರು. "ಒಳಗ ಹೆಂಡ್ರು ಮಕ್ಕಳು ಇರ್ತಾರ. ನಾ ಮಗ್ಗ ಅಷ್ಟ ನೋಡಬೇಕು."

ಆ ಮಾತು ಕೇಳಿಯೇ ನಾನು ಅವರನ್ನು ಖಾನಾಪುರಕ್ಕೆ ಕರೆದುಕೊಂಡು ಹೋದದ್ದು. ರಿಟೈರ್ ಆದ ಮೇಲೆ ಪ್ರತಿ ಶನಿವಾರ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಸುತ್ತಲಿನ ಕಾಡಂಚಿನ ಹಳ್ಳಿಗಳಿಂದ ಬಂದ ಹುಡುಗಿಯರು. ಮನೆಯಲ್ಲಿ ಕೆಲವರದು ಮರಾಠಿ, ಕೆಲವರದು ಕನ್ನಡ, ಜಗಳಕ್ಕೆ ಎರಡೂ. ಹಬ್ಬಕ್ಕೆ ಊರಿಗೆ ಹೋಗಿ ಬಂದವರ ಕೈಯಲ್ಲಿ ಅಣ್ಣನದೋ ಮಾಮನದೋ ಹಳೆಯ ಫೋನು. ಅವರಿಗೆ ಯಾರಾದರೂ ನಾಲ್ಕು ಬುದ್ಧಿಮಾತು ಹೇಳಬೇಕಿತ್ತು. ನಾನು ಹೇಳಿದರೆ ಸರ್ಮನ್ ಆಗುತ್ತದೆ. ಐ ನೋ ಮೈಸೆಲ್ಫ್.

ಇಮಾಮಸಾಬರು ಬಂದವರು ಕ್ಲಾಸಿನ ಒಳಗೇ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು ಕೆಮ್ಮಿದರು. ಹುಡುಗಿಯರು ನೋಡಿದರು, ನಕ್ಕರು. ಮತ್ತೆ ಕೆಮ್ಮಿದರು. ಕೊನೆಗೆ ಮುಂದಿನ ಸಾಲಿನ ಭಾಗ್ಯಶ್ರೀ, ಗುಂಜಿ ಎಂಬ ಹಳ್ಳಿಯ ಹುಡುಗಿ, ಒಂಬತ್ತನೆಯ ಇಯತ್ತೆ, ಬಾಯಿ ಜೋರು, ಎದ್ದು ಕೇಳಿದಳು: "ಅಜ್ಜಾ, ಔಷಧಿ ಬೇಕೇನ್ರಿ?"

"ಔಷಧಿ ಬ್ಯಾಡ ಬೇಟಾ. ಒಳಗ ಬಾ ಅನ್ನು."

ಒಳಗೆ ಬಂದು ಅವರು ಮಾಡಿದ ಇಡೀ ಪಾಠ ಅರ್ಧ ಗಂಟೆಯದು. ಖರೇ ಮನಿಗೆ ಬರೂ ಮನಿಶಾ ಕೆಮ್ಮತಾನ, ಆದರೆ ಫೋನಿನಾಗ ಬರೂ ಮನಿಶಾ ಕೆಮ್ಮಂಗಿಲ್ಲ, ಸೀದಾ ಅಡಿಗಿಮನಿಗೇ ಬರ್ತಾನ. ಅದಕ್ಕೆ ಬಾಗಿಲು ನೀವೇ ಹಾಕಿಕೊಳ್ಳಬೇಕು ಎಂದರು. ಮತ್ತೊಬ್ಬರ ಫೋಟೋ ಮುಂದೆ ಕಳಿಸುವ ಮೊದಲು ನೀವೂ ಅವರ ಬಾಗಿಲಲ್ಲಿ ಕೆಮ್ಮಿ, ಕೇಳಿ, ಎಂದರು. ಕೊನೆಗೆ ಕರಿಹಲಗೆಯ ಮೇಲೆ ತಮ್ಮ ಅಂಗಡಿಯ ನಂಬರು ಬರೆದರು. "ಏನರೆ ಹೆದರಿಕಿ ಆದ್ರ ಇದಕ್ಕ ಫೋನ್ ಮಾಡ್ರಿ. ಮೊದಲು ಕೇಳತೀನಿ. ಬೈಯಂಗಿಲ್ಲ. ಕೇಳಿದ ಮ್ಯಾಲೂ ಬೈಯಂಗಿಲ್ಲ." ಹುಡುಗಿಯರು ಆ ನಂಬರನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಆ ಹಾಳೆಯಲ್ಲಿ ಅವರು ಏನೇನು ಬರೆಯುತ್ತಾರೆಂದು ನನಗೆ ಗೊತ್ತು. ಅಲ್ಲಿ ಜಾಗ ಸಿಗುವುದು ದೊಡ್ಡ ಮರ್ಯಾದೆ.

ಇನ್ನು ನನ್ನ ಕಥೆ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನನ್ನನ್ನು ಬೆಳೆಸಿದ್ದು ಬೆಳಗಾವಿಯ ಕಾನ್ವೆಂಟಿನ ಸಿಸ್ಟರ್‌ಗಳು. ಉದ್ದನೆಯ ವರಾಂಡ, ಮೇಣ ತಿಕ್ಕಿದ ನೆಲ, ಎಲ್ಲದಕ್ಕೂ ಒಂದು ರಿಜಿಸ್ಟರು. ಕರ್ಚೀಫಿಗೂ ರಿಜಿಸ್ಟರಿತ್ತು. ಕೆಂಪು ಮಾರ್ಜಿನ್, ಓರೆಯಾದ ಕರ್ಸಿವ್ ಅಕ್ಷರ, ಒಂದು ಚಿತ್ತಿಲ್ಲ. ಆ ವರಾಂಡ ಈಗಲೂ ಕನಸಿನಲ್ಲಿ ಬರುತ್ತದೆ. ಸ್ಕಾಲರ್‌ಶಿಪ್ ಅರ್ಜಿಗೆ ಹುಡುಗಿಯರಿಗೆಲ್ಲ ಇಮೇಲ್ ಬೇಕಾದಾಗ ನಾನೇ ಮಾಡಿಸಿಕೊಟ್ಟೆ. ವಾರಕ್ಕೊಮ್ಮೆ ಎಲ್ಲರೂ ಪಾಸ್‌ವರ್ಡ್ ಮರೆಯುವವರೇ. ನಾನೊಂದು ರಿಜಿಸ್ಟರು ಇಟ್ಟೆ: ಹೆಸರು, ಇಮೇಲ್, ಪಾಸ್‌ವರ್ಡ್. ಒಂದು ಶನಿವಾರ ಬಸ್ಸು ತಪ್ಪಿತು; ಅರ್ಜಿಗೆ ಅದೇ ಕೊನೆಯ ದಿನ. ರಿಜಿಸ್ಟರಿನ ಆ ಪುಟದ ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಆ ಗ್ರೂಪಿನ ಎಷ್ಟೋ ಫೋನು ಊರಿನಲ್ಲಿದ್ದ ಅಣ್ಣಂದಿರ, ಮಾಮಂದಿರ ಕೈಯಲ್ಲೂ ಓಡಾಡುತ್ತವೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇದೆಲ್ಲ ಆದದ್ದು ಇಮಾಮಸಾಬರ ಪಾಠಕ್ಕಿಂತ ಮೊದಲು. ಆ ಪಾಠ ಕೇಳುವಾಗಲೂ ನಾನು ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸುತ್ತಿದ್ದೆ, ಅದು ನನಗಲ್ಲ ಎಂಬಂತೆ.

ಎರಡು ವಾರ ಕಳೆದು ಒಂದು ಬೆಳಿಗ್ಗೆ ನಮ್ಮ ಗೇಟಿನ ಬಳಿ ಕೆಮ್ಮು ಕೇಳಿತು. ಇಮಾಮಸಾಬರು ಅಂಗಡಿ ಮುಚ್ಚಿ ಬಂದಿದ್ದರು. ಚಹಾ ಬೇಡವೆಂದು ವಿಷಯ ಹೇಳಿದರು. ಭಾಗ್ಯಶ್ರೀ ಅವರಿಗೆ ಫೋನ್ ಮಾಡಿದ್ದಳು. ಯಾರೋ ಅವಳ ಇಮೇಲಿನೊಳಗೆ ಹೊಕ್ಕು, ಅಲ್ಲಿದ್ದ ಅವಳ ಫೋಟೋ ತೆಗೆದು, ಮುಖವನ್ನು ಬೇರೊಂದು ಕೆಟ್ಟ ಚಿತ್ರಕ್ಕೆ ಅಂಟಿಸಿದ್ದ. ವಿಡಿಯೋ ಕಾಲ್‌ಗೆ ಬಾ, ಇಲ್ಲವಾದರೆ ಇದನ್ನು ನಿನ್ನ ಅಪ್ಪನಿಗೆ ಕಳಿಸುತ್ತೇನೆ ಎಂದು ನಾಲ್ಕು ದಿನದಿಂದ ಬರೆಯುತ್ತಿದ್ದ. ಅಪ್ಪನಿಗೆ ಗೊತ್ತಾದರೆ ಸಾಲಿ ಬಿಡಿಸುತ್ತಾನೆ ಎಂಬುದೇ ಹುಡುಗಿಯ ಭಯ. ಅದು ಸುಳ್ಳು ಭಯವಲ್ಲ. ಅವಳ ಅಕ್ಕನನ್ನು ಅದಕ್ಕಿಂತ ಸಣ್ಣ ಕಾರಣಕ್ಕೆ ಬಿಡಿಸಿದ್ದರು.

"ಪಾಸ್‌ವರ್ಡ್ ಯಾರಿಗೆ ಹೇಳಿದ್ದಿ ಅಂತ ಕೇಳಿದೆ ರೀ. ಯಾರಿಗೂ ಹೇಳಿಲ್ಲ, ಮಿಸ್ ಅವರ ಪಟ್ಟಿಯಾಗ ಅಷ್ಟ ಐತಿ ಅಂದ್ಲು."

ನಾನು ಒಳಗೆ ಹೋಗಿ ರಿಜಿಸ್ಟರು ತಂದು ಅವರ ಮುಂದಿಟ್ಟೆ. ಗ್ರೂಪಿಗೆ ಹಾಕಿದ್ದನ್ನೂ ಹೇಳಿದೆ. ಇಮಾಮಸಾಬರು ಪುಟವನ್ನು ತೆರೆಯಲಿಲ್ಲ. ಮೇಲಿನ ಲೇಬಲ್ಲಿನ ಅಕ್ಷರವನ್ನಷ್ಟೇ ನೋಡಿದರು.

"ಅಕ್ಷರ ಭಾಳ ಚಂದ ಅದಾವ್ರಿ ಅಕ್ಕೋರ. ಅದಕ್ಕ ಕಳ್ಳಗ ಓದಾಕ ತ್ರಾಸ ಆಗಿಲ್ಲ."

ಬೈಯುವುದಿಲ್ಲ ಎಂದು ಮಾತು ಕೊಟ್ಟ ಮನುಷ್ಯ. ಅವರು ಬೈದದ್ದು ಅಷ್ಟೇ, ಅದು ಸಾಕಾಯಿತು. ನಂತರ ಒಲೆಯ ಹತ್ತಿರ ಹೋಗೋಣ ಎಂದರು. ಆ ಪುಟಗಳನ್ನು ಹರಿದು ನಾನೇ ಸುಟ್ಟೆ. ಅವರು ಆಗಲೂ ಕಿಟಕಿಯ ಕಡೆ ನೋಡುತ್ತಿದ್ದರು.

ಅದೇ ದಿನ ಖಾನಾಪುರಕ್ಕೆ ಹೋಗಿ ಗ್ರೂಪಿನಿಂದ ಆ ಫೋಟೋ ತೆಗೆಸಿ, ಎಲ್ಲರ ಪಾಸ್‌ವರ್ಡ್ ಬದಲಾಯಿಸಿದೆವು. ಇಡೀ ಕ್ಲಾಸು ಫೋನು ಹಿಡಿದು ಕೂತಿತ್ತು, ಇಮಾಮಸಾಬರೂ ನಾನೂ ಗೋಡೆಗೆ ಮುಖ ಮಾಡಿ ನಿಂತಿದ್ದೆವು. ಭಾಗ್ಯಶ್ರೀಗೆ ಎಲ್ಲ ಮೆಸೇಜು ಅಳಿಸಿಹಾಕಿ ಮರೆತುಬಿಡುವ ಆಸೆ. ಅಳಿಸಬೇಡ, ಉತ್ತರ ಕೊಡಬೇಡ, ಒಂದೊಂದರ ಸ್ಕ್ರೀನ್‌ಶಾಟ್ ತೆಗೆದಿಡು ಎಂದು ಅವರು ಹೇಳಿದರು. ಬೆಳಗಾವಿಯ ಸೈಬರ್ ಪೊಲೀಸ್ ಠಾಣೆಗೆ ಫೋನ್ ಮಾಡಿ ಕೇಳಿದಾಗ, ಹುಡುಗಿ ಚಿಕ್ಕವಳು, ಮನೆಯ ಹಿರಿಯರನ್ನು ಕರೆತನ್ನಿ ಎಂದರು. ಅಂದರೆ ಅಪ್ಪನಿಗೆ ಹೇಳಲೇಬೇಕು.

ಭಾಗ್ಯಶ್ರೀ ತುಂಬ ಹೊತ್ತು ಅತ್ತಳು. ಇಮಾಮಸಾಬರು ಅವಳ ಎದುರು ನೆಲದ ಮೇಲೆ ಕೂತು, ನೀನು ಹೂಂ ಅನ್ನುವವರೆಗೆ ನಾವು ಗುಂಜಿಗೆ ಹೋಗುವುದಿಲ್ಲ ಎಂದರು. ಅವಳು ಹೂಂ ಅಂದದ್ದು ಮರುದಿನ.

ಅವಳ ಅಪ್ಪ ಪರಶುರಾಮ ಗುಂಜಿಯಲ್ಲಿ ರೈಲ್ವೆ ಗ್ಯಾಂಗ್‌ಮ್ಯಾನ್. ದನ ಕಾಯುತ್ತಿದ್ದ ಮನೆತನದಿಂದ ಮೊದಲ ಪಗಾರ ಕಂಡವನು. ಪ್ರತಿದಿನ ನಸುಕಿನಲ್ಲೇ ಹೆಗಲ ಮೇಲೆ ಸುತ್ತಿಗೆ ಹೊತ್ತು, ಕಾಡಿನ ನಡುವೆ ಹಳಿಯುದ್ದಕ್ಕೂ ನಡೆದು, ಹಳಿಯನ್ನು ಹಿಡಿದಿಡುವ ಕೀಲಿ ಸಡಿಲಾಗಿದ್ದರೆ ಬಿಗಿಮಾಡುವುದು ಅವನ ಕೆಲಸ. ನಾವು ಮೂವರೂ ಬೆಳಗಿನ ರೈಲಿಗೆ ಹೋದಾಗ ಅವನು ಡ್ಯೂಟಿ ಮುಗಿಸಿ ಕಾಲು ತೊಳೆಯುತ್ತಿದ್ದ. ಕೂಡ್ರಲು ಚಾಪೆ ಹಾಸಿದ. ನಾನು ನನ್ನ ತಪ್ಪನ್ನು ಮೊದಲು ಹೇಳಿದೆ, ಆಮೇಲೆ ಉಳಿದದ್ದನ್ನು. ಕೇಳುತ್ತ ಕೇಳುತ್ತ ಅವನ ಮುಖ ಬಿಗಿಯಿತು. ಮಗಳ ಕಡೆ ಕೈ ಚಾಚಿದ.

"ಫೋನ್ ಕೊಡ ಇಲ್ಲೆ. ಸಾಲಿ ಸಾಕು."

ಭಾಗ್ಯಶ್ರೀ ಫೋನು ಮುಂದೆ ಹಿಡಿದಳು. ಇಮಾಮಸಾಬರು ಗಂಟಲು ಸರಿಮಾಡಿಕೊಂಡರು, ಬಾಗಿಲಲ್ಲಿ ನಿಂತವರ ಹಾಗೆ.

"ಪರಶುರಾಮ, ರೈಲಿನ ಪಟ್ರಿ ಮ್ಯಾಗ ಯಾರರೆ ಕಲ್ಲ ತಂದ ಇಟ್ರ ನೀ ಪಟ್ರೀನ್ನ ಬೈತಿಯೇನು?"

ಅವನು ತಲೆ ಎತ್ತಿದ.

"ಅದನ್ನ ಕಿತ್ತ ಒಗೀತಿಯೇನು? ಇನ್ನ ಮ್ಯಾಲೆ ಈ ದಾರಿಗೆ ಗಾಡಿನ ಬ್ಯಾಡ ಅಂತಿಯೇನು?"

"ಹಂಗೆಂಗ ಆಗತೈತ್ರಿ ಅಜ್ಜಾರ."

"ಕಲ್ಲ ನೋಡಿ, ಓಡಿ ಬಂದು ಸುದ್ದಿ ಹೇಳಿದವರಿಗೆ ಏನ್ ಮಾಡ್ತೀರಿ?"

ಪರಶುರಾಮ ಪಂಚೆಯ ತುದಿಯಿಂದ ಕೈ ಒರೆಸಿಕೊಂಡ, ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. ಹೊರಗೆ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಅದು ಪೂರ್ತಿ ಹೋಗುವವರೆಗೂ ಅವನು ಅದರ ಸದ್ದನ್ನೇ ಕೇಳುತ್ತಿದ್ದ. ಆಮೇಲೆ ಮಗಳಿಗೆ ಕೇಳಿದ:

"ಮೊದಲ ಯಾರಿಗೆ ಹೇಳಿದಿ?"

"ಈ ಅಜ್ಜಗ."

"ಚಲೋ ಮಾಡಿದಿ," ಎಂದ. ಫೋನನ್ನು ಅವಳ ಕೈಯಲ್ಲೇ ಬಿಟ್ಟು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನಾಲ್ವರೂ ಅದೇ ದಿನ ಬೆಳಗಾವಿಯ ಠಾಣೆಗೆ ಹೋದೆವು.

ಕಳಿಸಿದವನು ಸಿಕ್ಕ. ಗ್ರೂಪಿನಲ್ಲಿದ್ದ ಒಂದು ಹುಡುಗಿಯ ಮನೆಗೆ ಬಂದುಹೋಗುವ ನೆಂಟ. ಆ ಮನೆಯವರ ಫೋನಿನಲ್ಲಿ ನನ್ನ ಚಂದದ ಅಕ್ಷರ ಓದಿದ್ದ. ಚಿತ್ರ ಯಾರ ಕೈಗೂ ಹೋಗಿರಲಿಲ್ಲ ಎಂದು ಠಾಣೆಯಿಂದ ಫೋನು ಬಂದ ದಿನ ನಾನು ಕುರ್ಚಿಯಲ್ಲಿ ಕೂತು ಸುಮ್ಮನೆ ಉಸಿರು ಬಿಟ್ಟೆ. ಶಾಂತವ್ವ ಬಂದು, ಏನಾತ್ರಿ ಬಾಯಾರ, ಯಾಕ ನಗಾಕತ್ತೀರಿ ಎಂದು ಕೇಳಿದಳು. ನಾನು ನಗುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಮುಂದಿನ ಶನಿವಾರ ಭಾಗ್ಯಶ್ರೀ ಮೊದಲ ಸಾಲಿನಲ್ಲೇ ಕೂತಿದ್ದಳು. ನನ್ನ ರಿಜಿಸ್ಟರಿನ ಜಾಗದಲ್ಲಿ ಖಾಲಿ ಟೇಬಲ್ಲು ಕಂಡು, "ಮಿಸ್, ಕೈ ಹಗುರಾತೇನ್ರಿ?" ಎಂದಳು. ಸಾಸಿ ಗರ್ಲ್. ದೇವರು ಅವಳ ಬಾಯಿ ಹೀಗೇ ಇಟ್ಟಿರಲಿ.

ಹೋದ ಮಳೆಗಾಲದಲ್ಲಿ ಇಮಾಮಸಾಬರು ತೀರಿಕೊಂಡರು. ನಿದ್ದೆಯಲ್ಲಿ ಹೋದರಂತೆ, ಯಾರಿಗೂ ತ್ರಾಸು ಕೊಡದೆ. ಆ ಅಂಗಡಿಯಲ್ಲಿ ಈಗ ಬಳೆ ಮಾರುತ್ತಾರೆ. ಲಾಳಿ ಇದ್ದ ಮೊಳೆಗೆ ಹಸಿರು ಬಳೆಗಳ ಗೊಂಚಲು. ಆದರೆ ನನಗೆ ಅವರನ್ನು ನೆನೆದಾಗ ದುಃಖಕ್ಕಿಂತ ಮೊದಲು ಬರುವುದು ನಮ್ಮ ಕೊನೆಯ ಭೇಟಿ.

ಅದು ಎಸೆಸೆಲ್ಸಿ ರಿಸಲ್ಟಿನ ದಿನ. ಭಾಗ್ಯಶ್ರೀ ತನ್ನ ಅಂಕಗಳನ್ನು ಮೊದಲು ವಡಗಾವಿಯ ಅಜ್ಜನಿಗೆ ತೋರಿಸಬೇಕೆಂದು ಹಟ ಹಿಡಿದು, ಅಪ್ಪನ ಜೊತೆ ಬಂದು, ನನ್ನನ್ನೂ ಕರೆದುಕೊಂಡು ಹೋದಳು. ನನಗೂ ಇನ್ನೂ ಹೇಳಿರಲಿಲ್ಲ. ಅಂಗಡಿಯ ಹಿಂದೆಯೇ ಇಮಾಮಸಾಬರ ಮನೆ. ಹಿಂದಿನ ದಿನವಷ್ಟೇ ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಆ ಕಣ್ಣಿಗೆ ಪಟ್ಟಿ. ಇನ್ನೊಂದು ಮೊದಲೇ ಮಂಜು. ಬಾಗಿಲಲ್ಲಿ ನಾವು ಮೂವರೂ ಕೆಮ್ಮಿದೆವು. "ಔಷಧಿ ಬೇಕೇನು?" ಎಂದು ಒಳಗಿನಿಂದ ದನಿ ಬಂತು.

ಭಾಗ್ಯಶ್ರೀ ಅವರ ಮಂಚದ ಬಳಿ ಕೂತು ಫೋನು ತೆಗೆದಳು. ಲಾಕಿಗೆ ಬೆರಳಿಟ್ಟಳು. ಇಮಾಮಸಾಬರು ಮಂಚದ ಮೇಲೆ ಮೆಲ್ಲಗೆ, ಒಂದೊಂದೇ ಮೊಣಕಾಲು ಸರಿಸಿ, ಗೋಡೆಯ ಕಡೆ ತಿರುಗಿ ಕೂತರು.

"ನಿಮಗೇನ್ ಕಾಣತೈತಂತ ತಿರಗತೀರಿ?" ಎಂದು ಅವರ ಹೆಂಡತಿ ನಕ್ಕರು.

"ಕಾಣಂಗಿಲ್ಲಂತ ರೂಢಿ ಬಿಡಾಕ ಬರತೈತೇನ?"

ನಾನು ಪರಶುರಾಮನತ್ತ ನೋಡಿದೆ. ಅವನು ಆಗಲೇ ತಿರುಗಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಳಿ ಪರೀಕ್ಷಿಸುವವನ ಹಾಗೆ ಆ ಸುಣ್ಣದ ಗೋಡೆಯನ್ನೇ ನೋಡುತ್ತಿದ್ದ. ನಾನೂ ತಿರುಗಿದೆ. ನಮ್ಮ ಹಿಂದೆ ಹುಡುಗಿಯ ಬಳೆಯ ಸದ್ದು. ಗಡಿಬಿಡಿಯಲ್ಲಿ ತಪ್ಪು ಒತ್ತಿದಳೆಂದು ಕಾಣುತ್ತದೆ, ಮತ್ತೆ ಮೊದಲಿನಿಂದ.

"ಆತೇನ ಬೇಟಾ?"

"ತಡೀರಿ ಅಜ್ಜಾ," ಎಂದಳು. ನಾವು ಮೂವರೂ ತಡೆದೆವು.

"ಆತ್ರಿ. ಈಗ ನೋಡ್ರಿ."