ಸುಶೀಲಳ ಕೈಗೆ ನೀರು ಹೊಯ್ದವಳು ನಾನು

ಆ ದಿನ ಸಾಂಬಾರಿಗೆ ದನಕ್ಕಿಟ್ಟ ಅಕ್ಕಚ್ಚಿನ ಕೊಳೆನೀರು ಸುರಿದದ್ದು ನಾನು. ಸುಶೀಲ ಅಲ್ಲ. ಅವಳ ಕೈಯಲ್ಲಿ ಕೊಳೆ ಇರಲಿಲ್ಲ. ಆ ಕೈಗೆ ನೀರು ಹೊಯ್ದವಳೂ ನಾನೇ, ಆಮೇಲೆ ಎಲ್ಲರ ಎದುರು ನೋಡಲಿಲ್ಲ ಎಂದು ಸುಳ್ಳು ಹೇಳಿದವಳೂ ನಾನೇ.

ಇಷ್ಟು ಬರೆಯಲಿಕ್ಕೆ ಬೆಳಗ್ಗಿನಿಂದ ಕೂತಿದ್ದೇನೆ. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಬೇರೆ ಯಾರ ಕೈಯಲ್ಲೂ ಬರೆಸುವುದಿಲ್ಲ. ಬರೆಸಿದರೆ ಅವರು ನಯ ಮಾಡಿ ಬರೆಯುತ್ತಾರೆ. ಇದರಲ್ಲಿ ನಯ ಮಾಡುವಂಥದ್ದು ಎಂತದೂ ಇಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಕಾಲ. ಮೂಡಬಿದಿರೆಯಲ್ಲಿ ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಕಲಿಸುವ ಒಂದು ಟ್ರೈನಿಂಗ್ ಶಾಲೆ ಇತ್ತು. ಅದರ ಹಾಸ್ಟೆಲಿನಲ್ಲಿ ನಾನು ಅಡಿಗೆಯವಳು. ನನ್ನ ಊರು ಅಳದಂಗಡಿ ಕಡೆ. ದೊಡ್ಡ ಗುತ್ತಿನ, ಊರ ಯಜಮಾನಿಕೆಯ ಮನೆತನದ ಹೆಸರು, ಆದರೆ ನಮ್ಮ ಕವಲಿಗೆ ಉಪ್ಪಿಗೂ ಗತಿ ಇರಲಿಲ್ಲ. ಗಂಡ ಸತ್ತ ಮೇಲೆ ಸೌಟು ಹಿಡಿದೆ. ಹೊಟ್ಟೆ ಖಾಲಿ ಇದ್ದರೂ ಹೆಸರಿನ ಜಂಬ ಮಾತ್ರ ಇಳಿಯಲಿಲ್ಲ — ಥೂ, ಈಗ ನೆನೆಸಿದರೆ ನನಗೇ ನನ್ನ ಮೇಲೆ ಹೇಸಿಗೆ ಆಗುತ್ತದೆ.

ಗಾಂಧಿ ಹೇಳಿದ ರೀತಿಯ ಶಾಲೆ ಅದು. ಟೀಚರ್ ಆಗುವವರು ಬೆಳಗಾಗುವ ಮೊದಲು ಎದ್ದು ಪ್ರಾರ್ಥನೆ ಮಾಡಬೇಕು, ತಕಲಿಯಲ್ಲಿ ನೂಲಬೇಕು, ಅಂಗಳ ಗುಡಿಸಬೇಕು. ಕಕ್ಕಸು ತೊಳೆಯುವುದೂ ಅವರೇ, ಅದಕ್ಕೆ ಸಫಾಯಿ ಸರದಿ ಎನ್ನುತ್ತಿದ್ದರು. ಅಡಿಗೆಗೂ ಸರದಿ ಉಂಟು. ಎಲ್ಲದಕ್ಕೂ ಮಾರ್ಕು. ಸರದಿ ಹಂಚುವುದು ಹುಡುಗಿಯರೊಳಗಿನ ಮಂತ್ರಿ. ಹೌದು, ಮಂತ್ರಿಯೇ! ಸಫಾಯಿ ಮಂತ್ರಿ, ಪ್ರಾರ್ಥನಾ ಮಂತ್ರಿ, ಅಡಿಗೆ ಮಂತ್ರಿ. ಆ ವರ್ಷ ಅಡಿಗೆ ಮಂತ್ರಿ ವಸಂತಿ. ಒಳ್ಳೆ ನಗುಮುಖದ ಹುಡುಗಿ, ಬಾಯಿ ಮಾತ್ರ ಚಾಕು.

ಸುಶೀಲ ಪುಂಜಾಲಕಟ್ಟೆ ಕಡೆಯವಳು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಐತೆ. ಸುಶೀಲ ಎಂದು ಬರೆಸಿದ್ದು ಅವಳ ಶಾಲೆಯ ಮಾಸ್ತರು. ಅವಳ ಜಾತಿ ಯಾವುದು ಎಂದು ನಾನು ಬರೆಯುವುದಿಲ್ಲ. ಬರೆದರೆ ಇನ್ನೊಮ್ಮೆ ಬೆರಳು ತೋರಿಸಿದಂತೆ. ನಾವೆಲ್ಲ ಯಾರನ್ನು ಅಂಗಳದಿಂದ ಆಚೆ ನಿಲ್ಲಿಸುತ್ತಿದ್ದೆವೋ ಅವರ ಪೈಕಿ ಎಂದು ತಿಳಿದುಕೊಳ್ಳಿ. ನಾನು ಅವಳನ್ನು ಐತೆ ಎಂದೇ ಕರೆಯುತ್ತಿದ್ದೆ. ಬೇಕೆಂದೇ.

ಅವಳ ಅಡಿಗೆ ಸರದಿ ಬಂದಾಗೆಲ್ಲ ನಾನು ವಸಂತಿಯ ಕಿವಿಯಲ್ಲಿ ಹೇಳುತ್ತಿದ್ದೆ, "ಅವಳನ್ನು ಸಫಾಯಿಗೆ ಹಾಕು ಮಾರಾಯ್ತಿ. ಒಳಗೆ ಬಂದರೆ ನಾನು ಸೌಟು ಇಟ್ಟು ಹೊರಗೆ ಹೋಗ್ತೇನೆ." ವಸಂತಿ ಹಾಕುತ್ತಿದ್ದಳು. ಹೀಗೆ ಉಳಿದವರ ಪಾಲಿನ ಕಕ್ಕಸೂ ಅವಳ ಪಾಲಿಗೆ ಬಂತು. ಅವಳು ಪೊರಕೆ ಹಿಡಿದು ಹೋಗುತ್ತಿದ್ದಳು.

ಒಮ್ಮೆ ನಾನೇ ಕೇಳಿದೆ. ಕನಿಕರದಿಂದ ಅಲ್ಲ, ಚುಚ್ಚಲಿಕ್ಕೆ.

"ಎಂತ ಐತೆ, ನಿನಗೆ ಹೇಸಿಗೆ ಆಗುವುದಿಲ್ಲವಾ?"

"ಆಗ್ತದೆ ಅಕ್ಕ. ಯಾರಿಗೆ ಆಗುವುದಿಲ್ಲ?" ಎಂದಳು. "ಒಂದು ವರ್ಷ ಮೂಗು ಮುಚ್ಚಿಕೊಂಡರೆ ಆಯಿತು. ಮತ್ತೆ ನಾನು ಟೀಚರ್."

"ಟೀಚರಾಗಿ ಎಲ್ಲಿಗೆ ಹೋಗ್ತಿ?"

"ನಮ್ಮೂರ ಶಾಲೆಗೇ. ನನ್ನನ್ನು ಅಲ್ಲಿ ಹೊರಗೆ ಜಗಲಿಯಲ್ಲಿ ಕೂರಿಸಿ ಕಲಿಸಿದ್ದು. ಕಿಟಕಿಯಿಂದ ಬೋರ್ಡು ಅರ್ಧ ಕಾಣ್ತಿತ್ತು. ಬೇಸರ ಬಂದಾಗ ನಾನು ಉಳಿದ ಅರ್ಧ ಬೋರ್ಡನ್ನು ನೆನೆಸ್ತೇನೆ ಅಕ್ಕ. ಅದರ ಎದುರು ನಿಂತು ಬರೀಬೇಕು. ಅಷ್ಟೇ ನನಗೆ ಬೇಕಾದ್ದು."

ಅವಳಿಗೆ ಬೇಕಾದದ್ದು ಅಷ್ಟೇ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ.

ಅವಳು ಕೆಲಸ ಮಾಡುತ್ತಿದ್ದ ರೀತಿ ನೋಡಬೇಕಿತ್ತು. ಮರುದಿನ ಪಕ್ಕದ ಶಾಲೆಯಲ್ಲಿ ಪಾಠ ಮಾಡಿ ತೋರಿಸಲಿಕ್ಕಿದ್ದರೆ ಇಂದು ಸಂಜೆಯೇ ಚಿತ್ರ ಬರೆದು ಇಡಬೇಕು. ಉಳಿದವರು ಬಣ್ಣದ ಪೆಟ್ಟಿಗೆ ತರಿಸುತ್ತಿದ್ದರು. ಇವಳು ನನ್ನ ಅಡಿಗೆಮನೆಯ ಹಿಂದೆ ಬಂದು ಮಸಿ, ಅರಸಿನ, ದಾಸವಾಳದ ರಸ ತೆಗೆದು ಹಸು, ಕೋಳಿ, ತೆಂಗಿನಮರ ಬರೆಯುತ್ತಿದ್ದಳು. ಆಮೇಲೆ ಸೌದೆ ರಾಶಿಯ ಎದುರು ನಿಂತು ಪಾಠ. ಸೌದೆ ತುಂಡುಗಳೇ ಮಕ್ಕಳು. "ಮಕ್ಕಳೇ, ಹಸು ನಮಗೆ ಎಂತ ಕೊಡ್ತದೆ? ಏಯ್, ಆ ಹಲಸಿನ ಕೊರಡು, ನೀನು ಹೇಳು. ಗಲಾಟೆ ಮಾಡಬೇಡ!" ನಾನು ಒಳಗಿನಿಂದ ನಗುತ್ತಿದ್ದೆ. ನಗು ಬಂದದ್ದಕ್ಕೆ ಸಿಟ್ಟು ಬರುತ್ತಿತ್ತು.

ಮತ್ತೊಂದು ನಿಯಮ ಉಂಟು. ಟೀಚರ್ ಆಗುವ ಪ್ರತಿಯೊಬ್ಬಳೂ ಅಕ್ಷರ ಬಾರದ ಒಬ್ಬ ದೊಡ್ಡವರಿಗೆ ಓದು ಕಲಿಸಬೇಕು. ಸುಶೀಲಳ ಹತ್ತಿರ ಕಲಿಯಲಿಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದಳು. ನನಗೆ ಬಸ್ಸಿನ ಬೋರ್ಡು ಓದುವ ಆಸೆ ಇತ್ತು, ಒಪ್ಪಿದೆ. ಆದರೆ ಶರ್ತ ಹಾಕಿದೆ — ಹತ್ತಿರ ಕೂರಬಾರದು, ಸ್ಲೇಟನ್ನು ಕೈಗೆ ಕೊಡಬಾರದು, ನೆಲದಲ್ಲಿ ಇಡಬೇಕು. ಅವಳು ಬರೆದು ನೆಲದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ನಾನು ಅದರ ಮೇಲೆ ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದೆ. ನೀರು ಬಿದ್ದು ಅರ್ಧ ಅಕ್ಷರ ಅಳಿಸಿ ಹೋಗುತ್ತಿತ್ತು. ಅವಳು ಇನ್ನೊಮ್ಮೆ ಬರೆಯುತ್ತಿದ್ದಳು. ಈಗ ನಾನು ಬರೆಯುತ್ತಿರುವ ಈ ಒಂದೊಂದು ಅಕ್ಷರವೂ ಹಾಗೆ ಬಂದದ್ದು.

ವಾರ್ಡನ್ ಬಾಯಮ್ಮನಿಗೆ ನಮ್ಮ ಆಟ ಗೊತ್ತಾದದ್ದು ತಡವಾಗಿ. ಬಹಳ ಖಡಕ್ ಹೆಂಗಸು. ವಸಂತಿಯನ್ನು ಕರೆದು ಬೈದರು. "ನಾಳೆ ಸುಶೀಲ ಅಡಿಗೆ ಮಾಡ್ತಾಳೆ. ನಾನೂ ಅಲ್ಲೇ ಊಟ ಮಾಡ್ತೇನೆ. ಯಾರಾದರೂ ಮೂಗು ಮುರಿದರೆ ಅವರ ಮಾರ್ಕಿಗೆ ನಾನು ಕತ್ತರಿ ಹಾಕ್ತೇನೆ."

ಮರುದಿನ ಬೆಳಿಗ್ಗೆ ಸುಶೀಲ ತಲೆಗೆ ಎಣ್ಣೆ ಹಾಕಿ ಬಾಚಿ, ಒಗೆದ ಸೀರೆ ಉಟ್ಟು ಅಡಿಗೆಮನೆಯ ಬಾಗಿಲಿಗೆ ಬಂದಳು. ಮದುವೆಗೆ ಬಂದವಳ ಹಾಗೆ. ನಾನು ಹೇಳಿದೆ, "ಮೊದಲು ಕಕ್ಕಸು ತೊಳೆದು ಬಾ. ಇಂದಿನ ಸಫಾಯಿಯವಳಿಗೆ ಜ್ವರ." ಜ್ವರ ಯಾರಿಗೂ ಇರಲಿಲ್ಲ. ಅವಳು ಸೀರೆ ಬದಲಿಸಿ ಹೋದಳು. ತೊಳೆದು, ಮಿಂದು, ಅದೇ ಒಗೆದ ಸೀರೆ ಮತ್ತೆ ಉಟ್ಟು ಬಂದಳು. ನಾನು ತಂಬಿಗೆಯಿಂದ ಎತ್ತರದಲ್ಲಿ ನೀರು ಹೊಯ್ದೆ. ಅವಳು ಒಲೆಯ ಬೂದಿ ಹಾಕಿ ಉಗುರಿನ ಸಂದು ಸಂದು ತಿಕ್ಕಿದಳು. "ಸಾಕಾ ಅಕ್ಕ?" ಎಂದು ಎರಡೂ ಕೈ ತಿರುಗಿಸಿ ತೋರಿಸಿದಳು. ಆ ಕೈ ನನ್ನ ಕೈಗಿಂತ ಚಂದ ಇತ್ತು. ಸಾಕು ಎಂದೆ.

ಅವಳ ಜೊತೆಗೆ ಸರದಿ ಇದ್ದ ಹುಡುಗಿಯರು ಒಳಗೆ ಬರಲಿಲ್ಲ, ಜಗಲಿಯಲ್ಲೇ ಕೂತು ತರಕಾರಿ ಹೆಚ್ಚಿದರು. ಒಳಗೆ ಇದ್ದದ್ದು ನಾವಿಬ್ಬರೇ. ಅವಳು ಸೌತೆಕಾಯಿ ಬೇಯಿಸಿ, ಕೊತ್ತಂಬರಿ, ಮೆಣಸು ಹುರಿದು ಅರೆಯುವ ಕಲ್ಲಿನಲ್ಲಿ ಕಡೆದು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಪರಿಮಳ ಬಂತು. ನನ್ನ ಬಾಯಲ್ಲಿ ನೀರು ಬಂತು.

ಅದನ್ನೇ ನನಗೆ ತಡೆಯಲಿಕ್ಕಾಗಲಿಲ್ಲ. ಹೇಸಿಗೆ ಆಗಬೇಕಿತ್ತು, ಆಗಲಿಲ್ಲ. ಅವಳ ಕೈಯ ಸಾಂಬಾರಿಗೆ ನನ್ನ ನಾಲಗೆ ಆಸೆಪಟ್ಟಿತು. ಇವಳು ನಾಳೆ ಟೀಚರ್. ಕಂಡರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನಾನು ಇಲ್ಲೇ ತಳ ಕೆರೆಯುವವಳು. ಆಗ —

ಅವಳು ನೀರು ಸೇದಲಿಕ್ಕೆ ಬಾವಿಗೆ ಹೋಗಿದ್ದಳು. ಬಾಗಿಲ ಹಿಂದೆ ದನಕ್ಕೆಂದು ಇಟ್ಟ ಅಕ್ಕಚ್ಚಿನ ಬಾಲ್ದಿ ಇತ್ತು. ಅಕ್ಕಿ ತೊಳೆದ ನೀರು, ಕೊಳೆತ ಸಿಪ್ಪೆ, ಹಳಸಿದ ಗಂಜಿ, ಮೇಲೆ ನೊರೆ. ನಾನು ಸೌಟಿನಲ್ಲಿ ತೆಗೆದು ಸಾಂಬಾರಿನ ಹಂಡೆಗೆ ಸುರಿದೆ. ಕದಡಿದೆ. ಸೌಟು ತೊಳೆದು ಜಾಗದಲ್ಲಿಟ್ಟೆ. ಅವಳು ಕೊಡ ಇಳಿಸಿ ನನ್ನನ್ನು ನೋಡಿ ನಕ್ಕಳು. "ಅಕ್ಕ, ಉಪ್ಪು ಸರಿ ಉಂಟಾ ನೋಡ್ತೀರಾ?" ಎಂದಳು. "ನಾನು ನಿನ್ನದು ಬಾಯಿಗೆ ಹಾಕುವುದಿಲ್ಲ" ಎಂದೆ.

ಊಟಕ್ಕೆ ಕೂತರು. ಒಂದೇ ತುತ್ತು. ಒಬ್ಬಳು ಉಗುಳಿದಳು, ಪಕ್ಕದವಳು ಓಡಿದಳು, ಆಮೇಲೆ ಇಡೀ ಸಾಲೇ ಎದ್ದಿತು. ಅಂಗಳದಲ್ಲೆಲ್ಲ ಓಕರಿಕೆ. ಬಾಯಮ್ಮ ಕೂಡ ಬಾಯಿಗೆ ಸೆರಗು ಒತ್ತಿ ಹಿಡಿದರು. ವಸಂತಿ ಕೂಗಿದಳು, "ಕಕ್ಕಸಿನ ಕೈ! ಕಕ್ಕಸಿನ ಕೈಯ ಸಾಂಬಾರು!"

ಬಾಯಮ್ಮ ನನ್ನನ್ನು ಕರೆದರು. "ಅಪ್ಪಿ, ನೀನು ಒಳಗೇ ಇದ್ದಿಯಲ್ಲ. ಇವಳು ಕೈ ತೊಳೆದು ಬಂದದ್ದು ಹೌದಾ?"

ಸುಶೀಲಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಯಾಕೆಂದರೆ ಸಾಕ್ಷಿ ಉಂಟಲ್ಲ! "ಅಪ್ಪಿಯಕ್ಕನೇ ನೀರು ಹೊಯ್ದದ್ದು ಬಾಯಮ್ಮ. ಹೇಳಿ ಅಕ್ಕ. ನೀವು ನೋಡಿದ್ದೀರಲ್ಲವಾ?"

ನಾನು ಹೇಳಿದೆ, "ನಾನು ನೋಡಲಿಲ್ಲ. ಬೆಳಿಗ್ಗೆ ಕಕ್ಕಸು ತೊಳೆದು ಬಂದದ್ದು ಮಾತ್ರ ಗೊತ್ತುಂಟು."

ಅವಳು ತನ್ನ ಕೈಯನ್ನೇ ನೋಡಿದಳು. ಮೂಸಿದಳು. ಅಷ್ಟು ಜನರ ಎದುರು ತನ್ನ ಕೈಯನ್ನು ತಾನೇ ಮೂಸಿ ನೋಡಿದಳು — ನನಗೆ ಇವತ್ತಿಗೂ ಅಕ್ಕಚ್ಚಿನ ನಾತಕ್ಕಿಂತ ಅದೇ ಸಹಿಸಲಿಕ್ಕಾಗುವುದಿಲ್ಲ.

ಬಾಯಮ್ಮ ಅವಳಿಗೆ ಮತ್ತೆ ಅಡಿಗೆ ಸರದಿ ಕೊಡಲಿಲ್ಲ. ಅವಳ ಪರವಾಗಿ ನಿಂತು ಅವರಿಗೂ ಅವಮಾನವಾಗಿತ್ತು. ಆದರೂ ಸುಶೀಲ ಬಿಡಲಿಲ್ಲ. ಚಿತ್ರ ಸುತ್ತಿಕೊಂಡು ಪಕ್ಕದ ಶಾಲೆಗೆ ಪಾಠಕ್ಕೆ ಹೋದಳು. ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಅವಳು "ಮಕ್ಕಳೇ" ಎಂದದ್ದೇ ತಡ, ಇಡೀ ಕ್ಲಾಸು ಮೂಗು ಹಿಡಿದುಕೊಂಡಿತಂತೆ. ವಸಂತಿ ಬಂದು ನನಗೆ ಅಭಿನಯ ಮಾಡಿ ತೋರಿಸಿದಳು. ನಾನು ನಕ್ಕೆ. ಹೌದು, ನಕ್ಕೆ.

ಆಮೇಲೆ ಸೌದೆ ರಾಶಿಗೆ ಪಾಠ ಇಲ್ಲ. ಅವಳು ಹೊತ್ತು ಸಿಕ್ಕಿದಾಗೆಲ್ಲ ಬಾವಿಕಟ್ಟೆಯಲ್ಲಿ ಕೂತು ಬೂದಿ ಹಾಕಿ ಕೈ ತಿಕ್ಕುವುದು. ಚರ್ಮ ಬಿರಿಯಿತು. ಬಿರಿದಲ್ಲಿ ಸೀಮೆಸುಣ್ಣದ ಹುಡಿ ಕೂತು ಉರಿಯುತ್ತಿತ್ತೋ ಏನೋ, ಬರೆಯುವಾಗ ಮುಖ ಹಿಂಡುತ್ತಿದ್ದಳು. ಆದರೂ ನನಗೆ ಕಲಿಸುವುದನ್ನು ಬಿಡಲಿಲ್ಲ. ನಾನೂ ನಾಚಿಕೆ ಇಲ್ಲದೆ ಕಲಿತೆ. ಸ್ಲೇಟಿಗೆ ನೀರು ಚಿಮುಕಿಸುವುದನ್ನೂ ಬಿಡಲಿಲ್ಲ.

ಪರೀಕ್ಷೆಗೆ ಮೊದಲೇ ಒಂದು ಬೆಳಿಗ್ಗೆ ಟ್ರಂಕು ತಲೆಯ ಮೇಲಿಟ್ಟು ಅಡಿಗೆಮನೆಯ ಬಾಗಿಲಿಗೆ ಬಂದಳು. ಒಂದು ಮಾತು ಕೇಳುತ್ತಾಳೆ ಎಂದುಕೊಂಡೆ. ಕೇಳಿದರೆ ಬೈಯಲಿಕ್ಕೆ ತಯಾರಾಗಿ ನಿಂತಿದ್ದೆ. ಅವಳು ಸ್ಲೇಟನ್ನು ನೆಲದಲ್ಲಿಟ್ಟಳು.

"ಒತ್ತಕ್ಷರ ಬಾಕಿ ಉಂಟು ಅಕ್ಕ. ಯಾರ ಹತ್ತಿರವಾದರೂ ಕಲಿಯಿರಿ."

ಅಷ್ಟೇ. ಹೋದಳು. ನಾನು ಯಾರ ಹತ್ತಿರವೂ ಸರಿಯಾಗಿ ಕಲಿಯಲಿಲ್ಲ.

ಕೆಲವು ವರ್ಷ ಕಳೆದು ಬಂಟ್ವಾಳಕ್ಕೆ ಒಂದು ಮದುವೆಗೆ ಹೋದಾಗ ಅವಳನ್ನು ಕಂಡೆ. ತಲೆಯಲ್ಲಿ ಬೀಡಿ ಕಟ್ಟಿನ ಬುಟ್ಟಿ, ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲಿಕ್ಕೆ ಬಂದಿದ್ದಳು. ಬುಟ್ಟಿ ಇಳಿಸಿ ದಾರಿ ಬದಿಯ ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದಳು. ಮರಳು ಹಾಕಿ ತಿಕ್ಕಿದಳು. ಮೂಸಿದಳು. ಮತ್ತೆ ತಿಕ್ಕಿದಳು. ಹಿಂದೆ ಕೊಡ ಹಿಡಿದು ನಿಂತವರು, "ಸಾಕು ಮಾರಾಯ್ತಿ, ಕೈ ಸವೆದು ಹೋದೀತು" ಎಂದು ಗದರಿದರು. ನಾನು ಬಸ್ಸಿನ ಹಿಂದೆ ಅಡಗಿ ನಿಂತೆ. ಅವಳು ಹೋಗುವವರೆಗೂ ನಿಂತೆ. ಆ ಮದುವೆಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡೆ. ಅದನ್ನೂ ಬರೆದುಬಿಡುತ್ತೇನೆ.

ಇಷ್ಟು ಕಾಲ ಬಾಯಿ ಮುಚ್ಚಿಕೊಂಡವಳು ಈಗ ಯಾಕೆ ಎಂದು ಕೇಳಬಹುದು. ಮೊನ್ನೆ ವಸಂತಿ ನಮ್ಮ ಮನೆಗೆ ಬಂದಿದ್ದಳು. ಟೀಚರಾಗಿ ರಿಟೈರಾದವಳು, ಕೂದಲೆಲ್ಲ ಬೆಳ್ಳಗೆ. ನನ್ನ ತಂಗಿಯ ಮಗಳು ಚಾ ಕೊಟ್ಟಳು. ವಸಂತಿ ಕುಡಿಯುತ್ತ ನಕ್ಕಳು.

"ಅಪ್ಪಿಯಕ್ಕ, ಆ ಕಕ್ಕಸಿನ ಕೈಯ ಸಾಂಬಾರು ನೆನಪುಂಟಾ? ಅವಳು ಈಗ ಬೆಳ್ತಂಗಡಿ ಹತ್ತಿರ ಲಾಯಿಲದಲ್ಲಿ ಮಗಳ ಮನೆಯಲ್ಲಿದ್ದಾಳೆ. ಈಗಲೂ ಅಡಿಗೆ ಮಾಡುವ ಮೊದಲು ಕೈ ತೊಳೆದು ಯಾರನ್ನಾದರೂ ಕರೆದು ತೋರಿಸ್ತಾಳಂತೆ. ಮೊಮ್ಮಗಳನ್ನು ಕೂಡ ಬಿಡುವುದಿಲ್ಲ. ಹುಚ್ಚು!"

ನಾನು ಎದ್ದು ಅಂಗಳಕ್ಕೆ ಹೋಗಿ ಬಾಯಲ್ಲಿದ್ದ ಚಾ ಉಗುಳಿದೆ. ಅವಳು ತೋರಿಸುತ್ತಿರುವುದು ಮೊಮ್ಮಗಳಿಗಲ್ಲ. ನನಗೆ. ಸಾಕಾ ಅಕ್ಕ, ಸಾಕಾ ಅಕ್ಕ ಎಂದು ಇವತ್ತಿಗೂ ನನಗೇ ತೋರಿಸುತ್ತಿದ್ದಾಳೆ.

ಒಳಗೆ ಬಂದು ವಸಂತಿಗೆ ಎಲ್ಲ ಹೇಳಿದೆ. ಅವಳ ನಗು ನಿಂತಿತು. "ಇನ್ನು ಎಂತಕ್ಕೆ ಅಕ್ಕ ಅದೆಲ್ಲ? ಬಿಟ್ಟುಬಿಡುವ" ಎಂದಳು. ಬಿಡುವುದಿಲ್ಲ ಎಂದೆ. ನಾನು ಬರುತ್ತೇನೆ ಎಂದು ಅಲ್ಲಿಗೆ ಸುದ್ದಿ ಮುಟ್ಟಿಸು ಎಂದೆ. ಯಾಕೆಂದು ಹೇಳಬೇಡ, ಅದನ್ನು ಹೇಳಬೇಕಾದವಳು ನಾನು. ನಿನ್ನೆ ವಸಂತಿ ಫೋನು ಮಾಡಿದಳು. ಸುಶೀಲ ಹೇಳಿದಳಂತೆ, "ಅಪ್ಪಿಯಕ್ಕ ಬರ್ತಾರಾ? ಊಟಕ್ಕೇ ಬರಲಿ."

ನಾಡಿದ್ದು ಹೋಗುತ್ತೇನೆ. ವಸಂತಿಯನ್ನೂ ಎಳೆದುಕೊಂಡು ಹೋಗುತ್ತೇನೆ. ಸುಶೀಲಳ ಮನೆಯ ಒಳಗೆ ಕಾಲಿಡುವ ಮೊದಲು, ಅಂಗಳದಲ್ಲೇ ನಿಂತು, ಅವಳ ಮಗಳು, ಮೊಮ್ಮಗಳು ಕೇಳುವ ಹಾಗೆ ದೊಡ್ಡದಾಗಿ ಹೇಳುತ್ತೇನೆ — ನಾನು ನೋಡಿದ್ದೆ. ನೀನು ತೊಳೆದಿದ್ದಿ. ಹೇಸಿಗೆ ಇದ್ದದ್ದು ನನ್ನ ಕೈಯಲ್ಲಿ.

ಕೇಳಿದ ಮೇಲೂ ಅವಳು ಬಡಿಸಿದರೆ, ಅವಳ ಕೈಯಿಂದ ನನ್ನ ಕೈಗೇ ತೆಗೆದುಕೊಂಡು ಉಣ್ಣುತ್ತೇನೆ. ಬಾಗಿಲು ಹಾಕಿದರೆ — ಬಾಗಿಲು ಅವಳದ್ದು.