ಬಾಗಿಲ ಕಡೆ ಸರಿದ ಕುರ್ಚಿ

ಬದುಕಿದ್ದ ಮನುಷ್ಯನೊಬ್ಬನಿಗೆ ತಾನು ಸತ್ತೆನೋ ಏನೋ ಎಂಬ ಅನುಮಾನ ಹುಟ್ಟಿಸಿದವನು ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿನಿಂದ ಬರುತ್ತದೆ. ಬಸ್ಸಿನ ಕಂಡಕ್ಟರು, ಬಂಕಾಪುರದ ನವಿಲು, ನನ್ನ ಅವ್ವ, ಎಲ್ಲರೂ ಒಳಗಿದ್ದಾರೆ. ನಿನ್ನ ಸ್ವಂತ ದನಿ ಯಾವುದೋ ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಆ ವಿದ್ಯೆ ನನ್ನನ್ನೇ ಕಚ್ಚಿದ್ದು ಕಸ್ತೂರಕ್ಕ ಬಂದ ವರ್ಷ.

ಕಸ್ತೂರಕ್ಕ ಹಿರೇಕೆರೂರಿನವರು. ಹಾನಗಲ್ಲ, ಶಿಗ್ಗಾವಿ, ಸವಣೂರು ಎಂದು ಬಸ್ಸಿನಲ್ಲಿ ಓಡಾಡುತ್ತ, ನಮ್ಮಂಥ ಸಣ್ಣಪುಟ್ಟ ಸೇವಾಸಂಸ್ಥೆಗಳು ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವುದು ಅವರ ಕೆಲಸ. ಅವರು ಒಳಗೆ ಬಂದದ್ದನ್ನು ಕಂಡವರಿಲ್ಲ. ತಲೆಯೆತ್ತಿದರೆ ಕುರ್ಚಿಯಲ್ಲಿ ಇರುತ್ತಿದ್ದರು: ಬೂದುಬಣ್ಣದ ಸೀರೆ, ತೊಡೆಯ ಮೇಲೆ ಚೀಲ, ಒಮ್ಮೆಯೂ ಏರದ ದನಿ. ಯಾವ ಸಂಸ್ಥೆಗೆ ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಇಲ್ಲೆ ಯಾರು ಸತ್ರ ಬಾಗಲಾ ಮುಚ್ಚತೈತಿ?"

ನಮ್ಮಲ್ಲಿ ಕೇಳಿದಾಗ ಎಲ್ಲರೂ ಗೌಸ್‌ಸಾಹೇಬರ ಕಡೆ ನೋಡಿದೆವು.

ಸವಣೂರಿನ ನಮ್ಮ ಸಂಸ್ಥೆ ಕಾಯಿಲೆಯವರ ಮನೆಗೆ ಮಂಚ ಕೊಡುತ್ತದೆ. ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಏಳುವ ಆಸ್ಪತ್ರೆ ಮಂಚ, ಪುಕ್ಕಟೆ. ಹೆಚ್ಚಿನವು ವಾಪಸು ಬರುವುದು ಮಲಗಿದವರು ತೀರಿಕೊಂಡ ಮೇಲೆ. ಟೆಂಪೊ ಓಡಿಸುವವನು ನಾನು. ನನ್ನ ಟೆಂಪೊ ಮಂಚ ಹೇರಿಕೊಂಡು ಬಂದರೆ ಓಣಿಗೆ ನೆಮ್ಮದಿ. ಖಾಲಿ ಬಂದರೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಯಾವ ಮಂಚ ಯಾವ ಊರಿನ ಯಾವ ಮನೆಯಲ್ಲಿದೆ ಎಂಬುದು ಸಂಸ್ಥೆ ಕಟ್ಟಿದ ಗೌಸ್‌ಸಾಹೇಬರೊಬ್ಬರಿಗೇ ಗೊತ್ತು. ಬರೆದಿಟ್ಟದ್ದು ಒಂದು ಸಾಲೂ ಇರಲಿಲ್ಲ.

"ಎಲ್ಲಾ ಇಲ್ಲೆ ಐತ್ರಿ ಬಾಯಿ," ಎಂದು ಸಾಹೇಬರು ಟೋಪಿ ಮುಟ್ಟಿ ತೋರಿಸಿದರು.

"ಆ ತಲಿ ಒಂದಿನ ಮಣ್ಣಿಗೆ ಹೊಕ್ಕೈತ್ರಿ ಸಾಬ್ರ," ಕಸ್ತೂರಕ್ಕ ಚಹಾ ಆರಿಸುತ್ತ ಅಂದರು. "ಅದರ ಕೂಡ ಮಂಚಾನೂ ಹೊಕ್ಕಾವನ?"

ಮರುವಾರವೇ ಸಾಹೇಬರನ್ನು ಸಾಯಿಸಿದರು. ಅದು ಅವರ ಪದ್ಧತಿ. ಸಂಸ್ಥೆ ಕಟ್ಟಿದವರು ಒಂದು ದಿನ ಸತ್ತವರಂತೆ ಮೂಲೆಯಲ್ಲಿ ಕೂರಬೇಕು, ಮಾತಿಲ್ಲ, ಸನ್ನೆಯಿಲ್ಲ. ಉಳಿದವರು ಕೆಲಸ ನಡೆಸಬೇಕು. ಸತ್ತವರು ಬಾಯಿ ತೆರೆದರೆ ಕಸ್ತೂರಕ್ಕ ಅದೇ ಏರದ ದನಿಯಲ್ಲಿ, "ನೀವು ತೀರಿಕೊಂಡೀರಿ. ಮೂಲ್ಯಾಗ ಕುಂದರ್ರಿ," ಅನ್ನುವರು. ಹಾನಗಲ್ಲಿನ ಹಿರಿಯರೊಬ್ಬರು ಮಧ್ಯಾಹ್ನದ ಹೊತ್ತಿಗೇ ಅತ್ತುಬಿಟ್ಟಿದ್ದರಂತೆ.

ಹನ್ನೊಂದರ ಸುಮಾರಿಗೆ ಹತ್ತಿಮತ್ತೂರಿನಿಂದ ಒಬ್ಬಳ ಫೋನು. ಅವಳ ತಾಯಿಯ ಸೊಂಟ ಮುರಿದಿದೆ, ನಾಲ್ಕು ದಿನದಿಂದ ನೆಲದ ಮೇಲೆ. "ಬೆನ್ನ ಹುಣ್ಣಾಗಾಕತ್ತೈತ್ರಿ. ಇವತ್ತರ ಒಂದ್ ಮಂಚ ಕೊಡ್ರಿ." ನಮ್ಮಲ್ಲಿ ಒಂದೂ ಉಳಿದಿರಲಿಲ್ಲ. ಅಲ್ಲಿಯವರೆಗೆ ಫೋನೆತ್ತಿ "ಸಾಹೇಬ್ರನ್ನ ಕೇಳಿ ಹೇಳ್ತೇನ್ರಿ" ಎನ್ನುವುದಷ್ಟೇ ಕೆಲಸವಾಗಿದ್ದ ರೇಣುಕಾ ಮೂಲೆಯ ಕಡೆ ನೋಡಿದಳು. ಸಾಹೇಬರ ತುಟಿ ಅಲುಗಿತು. ಕಸ್ತೂರಕ್ಕ ಅವರನ್ನು ನೋಡಿದರು. ತುಟಿ ಮುಚ್ಚಿತು.

ನನಗೆ ಕರುಣೆ ಬಂತು ಎಂದು ಬರೆಯಬಹುದು. ಬಂದದ್ದೂ ಹೌದು, ಆದರೆ ಗಂಟಲಿನ ತುರಿಕೆ ಅದಕ್ಕಿಂತ ಜೋರಾಗಿತ್ತು. ಹೊರಗೆ ಟೆಂಪೊದಲ್ಲಿ ಕುಳಿತು ಆಫೀಸಿಗೆ ಫೋನು ಹಚ್ಚಿ, ಗೌಸ್‌ಸಾಹೇಬರ ದನಿಯಲ್ಲಿ, ಕೆಮ್ಮಿನ ಸಮೇತ ಹೇಳಿದೆ: "ಬಂಕಾಪುರದಾಗ ಕ್ವಾಟಿ ಹಿಂದ ಬೇವಿನ ಗಿಡದ ಮನಿ. ಮುದುಕ ಹೋಗ್ಯಾನ, ಮಂಚ ಖಾಲಿ ಐತಿ. ತರ್ರಿ." ಆ ಮನೆಗೆ ಮಂಚ ಒಯ್ದವನು ನಾನೇ. ಅಜ್ಜನ ಸ್ಥಿತಿ ನೋಡಿದ್ದೆ. ಇಷ್ಟು ದಿನ ಉಳಿದಿರಲಾರ ಎಂಬುದು ನನ್ನ ಅಂದಾಜು.

ಸಾಹೇಬರಿಗೆ ಕಿವಿ ಮಂದ, ಹಾಗಾಗಿ ಆಫೀಸಿನ ಫೋನಿಗೆ ಯಾವಾಗಲೂ ಸ್ಪೀಕರ್. ತಮ್ಮ ದನಿ ತಮ್ಮನ್ನು ಬಿಟ್ಟು ಕೋಣೆಯಲ್ಲಿ ಓಡಾಡಿದ್ದು ಕೇಳಿ ಅವರು ಗಂಟಲು ಮುಟ್ಟಿ ನೋಡಿಕೊಂಡರಂತೆ. ರೇಣುಕಾ ಮಾತ್ರ "ಹೂನ್ರಿ ಸಾಹೇಬ್ರ" ಎಂದು ಫೋನಿಟ್ಟು ಓಡಿಬಂದು ಟೆಂಪೊ ಹತ್ತಿದಳು. ಸಾಹೇಬರು ಎದುರಿಗೇ ಬಾಯಿ ಮುಚ್ಚಿಕೊಂಡು ಕುಳಿತಿದ್ದಾರೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಬಂಕಾಪುರದ ಓಣಿಯಲ್ಲಿ ನಡುಮಧ್ಯಾಹ್ನದ ಬಿಸಿಲು, ನಾಯಿಯ ಸದ್ದೂ ಇಲ್ಲ. ಜೋಳ ಹಸನು ಮಾಡುತ್ತಿದ್ದ ಸೊಸೆ ಖಾಲಿ ಟೆಂಪೊ ನೋಡಿ ಮೊರ ಕೆಳಗಿಟ್ಟಳು. ಒಳಗೆ ಮಂಚದ ಮೇಲೆ ಅಜ್ಜ ಇದ್ದ. ಕಣ್ಣು ತೆರೆದು ಬಾಗಿಲನ್ನೇ ನೋಡುತ್ತಿದ್ದ. ಕೋಟೆಯ ಕಡೆ ನವಿಲು ಕೂಗಿತು. ಈ ಸಲ ನಾನಲ್ಲ.

"ಗಾಡಿ ಖಾಲಿ ಬಂದೈತಿ," ಅಂದ ಅಜ್ಜ. ಸೊಸೆಯ ಕಡೆ ತಿರುಗಿದ. "ಹೇಳವಾ, ನಾ ಯಾವಾಗ ಹ್ವಾದೆ?"

ರೇಣುಕಾ ಹೋಗಿ ಅವನ ಪಾದ ಹಿಡಿದುಕೊಂಡಳು. "ಇಲ್ಲೋ ಯಪ್ಪಾ. ಬೆಚ್ಚಗ ಅದಾವ ನೋಡು ಕಾಲು."

ಮರಳಿ ಬಂದಾಗ ಕಸ್ತೂರಕ್ಕ ಬೈಯಲಿಲ್ಲ. "ಅಜ್ಜಗ ನೀ ಏನಂದಿ?" ಎಂದು ನನ್ನನ್ನು ಕೇಳಿದರು.

"ಹಿಡಿಕಿಗೆ ಎಣ್ಣಿ ಬಿಡಾಕ ಬಂದೇವಿ ಅಂದೆನ್ರಿ."

"ಯಾರ ದನ್ಯಾಗ?"

"ನಂದರಾಗ್ರಿ."

"ಅದಾರ ಉಳದೈತಲ್ಲ," ಎಂದು ರೇಣುಕಾಳ ಕಡೆ ತಿರುಗಿದರು. "ಸತ್ತವ್ರ ಮಾತ ಕೇಳಿ ಬದುಕಿದ್ದವ್ರ ಮನಿಗೆ ಹೋದಿ. ಇನ್ನ ಏನ್ ಮಾಡ್ತೀ?"

ರೇಣುಕಾ ಒಂದು ಹೊಸ ನೋಟ್‌ಬುಕ್ ತೆಗೆದಳು. ನಾನು ಟೆಂಪೊ ಒಯ್ದ ಮನೆಗಳನ್ನೆಲ್ಲ ನನ್ನ ಬಾಯಿಂದ ಕಕ್ಕಿಸಿ, ಒಂದೊಂದಕ್ಕೂ ಫೋನು ಮಾಡಿದಳು. ಹಾನಗಲ್ಲಿನ ಒಂದು ಮನೆಯಲ್ಲಿ ನಮ್ಮ ಮಂಚ ಗೋವಿನಜೋಳದ ಚೀಲ ಹೊತ್ತುಕೊಂಡು ನಿಂತಿತ್ತು. ದೀಪ ಹಚ್ಚುವ ಮೊದಲೇ ಅದು ಹತ್ತಿಮತ್ತೂರು ಸೇರಿತು. ಅಂದಿನಿಂದ ಆ ಪುಸ್ತಕ ಅವಳ ಕೈಬಿಟ್ಟಿಲ್ಲ.

ಇನ್ನೊಂದು ಸಂಗತಿ ನಾನು ತಡವಾಗಿ ಗಮನಿಸಿದೆ. ಮೊದಲ ಸಲ ಸಾಹೇಬರ ಮಗ್ಗುಲಲ್ಲೇ ಕುಳಿತಿದ್ದ ಕಸ್ತೂರಕ್ಕ, ಬಂದಾಗಲೊಮ್ಮೆ ಒಂದೊಂದು ಕುರ್ಚಿ ಬಾಗಿಲ ಕಡೆ ಸರಿಯುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿಯಾದ ಮೇಲೆ ಹೊಸ್ತಿಲು, ಆಮೇಲೆ ಕಟ್ಟೆ, ನಮ್ಮ ಕಡೆ ಬೆನ್ನು ಮಾಡಿ. ಕಡೆಯ ಸಲ ರಸ್ತೆಯಾಚೆಯ ಕಲ್ಲಿನ ಮೇಲಿದ್ದರು. ನಾನು ಚಹಾ ಒಯ್ದೆ.

"ಒಳಗ ಏನ್ ಮಾತಾಡಾಕತ್ತಾರ?" ಎಂದರು.

"ಇಲ್ಲಿಗೆ ಕೇಳ್ಸೂದಿಲ್ರಿ ಅಕ್ಕಾರ."

"ನನಗೂ ಕೇಳ್ಸವಲ್ದು. ಚಲೋ ಆತು." ಚಹಾ ಮುಟ್ಟಲಿಲ್ಲ.

ಕೆಲವು ದಿನಗಳಲ್ಲಿ ಹಿರೇಕೆರೂರಿನಿಂದ ಅವರ ತಮ್ಮ ಫೋನು ಮಾಡಿದ. "ಅಕ್ಕನ ಮಂಚ ಖಾಲಿ ಆಗೇತ್ರಿ. ಒಯ್ರಿ." ಅವರ ಮನೆಯಲ್ಲಿ ನಮ್ಮ ಮಂಚ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ತಮ್ಮನ ಗಾಡಿಯೇ ಬಂದು ಒಯ್ದಿತ್ತಂತೆ. ಯಾರಿಗೂ ಹೇಳಬೇಡ ಎಂದು ಕಸ್ತೂರಕ್ಕ ರೇಣುಕಾಗೆ ಹೇಳಿದ್ದರಂತೆ. ರೇಣುಕಾಳ ಪುಸ್ತಕದಲ್ಲಿ ಮಂಚ ಒಯ್ದ ತಾರೀಖು ಇತ್ತು. "ಮಂಚ ಬಂದ ಮ್ಯಾಲೆ ಅಕ್ಕ ನೆಲಕ್ಕ ಕಾಲಿಡಲಿಲ್ರಿ," ಎಂದು ಮಂಚ ಹೇರುವಾಗ ತಮ್ಮ ಹೇಳಿದ. ನಾನು ಕಲ್ಲಿನ ಬಳಿ ಚಹಾ ಒಯ್ದದ್ದು ಆ ತಾರೀಖಿನ ಒಂದು ವಾರದ ಮೇಲೆ. ಪುಸ್ತಕವನ್ನು ಎರಡು ಸಲ ನೋಡಿದೆ. ರೇಣುಕಾ ತಪ್ಪು ಬರೆಯುವವಳಲ್ಲ, ತಪ್ಪುವವನು ನಾನೇ. ಹಾಗಂತ ನಂಬಿದ್ದೇನೆ. ಟೆಂಪೊ ತಿರುಗಿಸುವಾಗ ಆ ಕಲ್ಲಿನ ಕಡೆ ಮಾತ್ರ ನೋಡುವುದಿಲ್ಲ.

ತಂದ ಮಂಚ ಆಫೀಸಿನ ಕೋಣೆಯಲ್ಲೇ ನಿಂತಿತ್ತು. ಗೌಸ್‌ಸಾಹೇಬರು ಪಕ್ಕದಲ್ಲಿ ಕುಳಿತು ಅದರ ಹಿಡಿಕೆ ಸವರುತ್ತ, "ಇದನ್ನ ಯಾರಿಗೂ ಕೊಡೂದ್ ಬ್ಯಾಡ. ಬಾಯಿ ನೆನಪಿಗೆ ಇಲ್ಲೇ ಇರ್ಲಿ," ಅಂದರು.

"ಶಿಗ್ಗಾವ್ಯಾಗ ಒಬ್ಬ ಗೌಂಡಿ ಮನಿ ಕಟ್ಟೂ ಮುಂದ ಮಾಳಗಿ ಮ್ಯಾಲಿಂದ ಬಿದ್ದಾನ್ರಿ," ಎಂದಳು ರೇಣುಕಾ. "ಇವತ್ತ ದವಾಖಾನಿಂದ ಮನಿಗೆ ಕಳಸ್ತಾರ. ಬ್ಯಾರೆ ಮಂಚ ಇಲ್ಲ."

ಸಾಹೇಬರ ಕಣ್ಣು ತುಂಬಿತ್ತು. ಅವರನ್ನು ನಗಿಸೋಣ ಎಂದುಕೊಂಡೆ, ಅಷ್ಟೇ. ಏರದ ಆ ದನಿ ನನ್ನ ಬಾಯಿಂದ ಬಂತು: "ಸಾಬ್ರು ಅನ್ನೂದು ಖರೆ ಐತಿ, ರೇಣುಕಾ. ನನ್ನ ಮಂಚ ಇಲ್ಲೇ ಇರ್ಲಿ." ನಾನು ಬಾಯಿ ಮುಚ್ಚಿದ ಮೇಲೂ ಅದು ಕೋಣೆಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಸಾಹೇಬರು ನಿಧಾನವಾಗಿ ಎದ್ದು ನಿಂತರು. ನನ್ನ ತೋಳಿನ ಕೂದಲೂ ಎದ್ದು ನಿಂತಿತ್ತು.

ರೇಣುಕಾ ನನ್ನ ಕಡೆ ನೋಡಲಿಲ್ಲ. ಬಾಗಿಲ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, ಪುಸ್ತಕದಲ್ಲಿ ಶಿಗ್ಗಾವಿ ಎಂದು ಬರೆಯುತ್ತಲೇ ಹೇಳಿದಳು:

"ಅಕ್ಕಾರ, ನೀವು ತೀರಿಕೊಂಡೀರಿ. ಮೂಲ್ಯಾಗ ಕುಂದರ್ರಿ."