ನಾನು ಬರೆದ ಎರೆಭೂತ

ಹಾವೇರಿಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದೆ. ಹಕ್ಕಿಗಳ ಚಿತ್ರ ಬರೆಯುವುದು ನನ್ನ ಹುಚ್ಚು. ಎಂಬತ್ತರ ದಶಕದ ಕೊನೆಯಲ್ಲಿ ಧಾರವಾಡದ ಪ್ರೊಫೆಸರೊಬ್ಬರು ತಮ್ಮ ಪಕ್ಷಿ ಪುಸ್ತಕಕ್ಕೆ ಚಿತ್ರ ಕೇಳಿದರು. ಎರಡು ವರ್ಷ ರಜೆಯೆಲ್ಲ ಅದಕ್ಕೇ ಹೋಯಿತು. ಕೊನೆಗೆ ಉಳಿದದ್ದು ಎರೆಭೂತ ಒಂದೇ. ಬಯಲ ಹುಲ್ಲಿನಲ್ಲಿ ಓಡಾಡುವ, ಮನುಷ್ಯನ ಸೊಂಟದೆತ್ತರದ ಹಕ್ಕಿ. ಆಗಲೇ ಅಪರೂಪವಾಗಿತ್ತು.

ರಾಣೇಬೆನ್ನೂರಿನ ಆಚೆಯ ಹುಲ್ಲುಗಾವಲಿನಲ್ಲಿ ನಾನು ಅದನ್ನು ಹುಡುಕುತ್ತ ಅಲೆಯುವುದನ್ನು ಒಬ್ಬ ಕುರಿಗಾಹಿ ಅಜ್ಜ ನೋಡುತ್ತಿದ್ದ.

"ಮಾಸ್ತರ, ಹಿಂಗ ಅಡ್ಡಾಡಿದ್ರ ಅದು ಸಿಗೂದಿಲ್ಲರಿ. ಕುರಿ ನಡುವ ಕುಂದ್ರಿ. ಕುರಿಗೆ ಅದು ಅಂಜೂದಿಲ್ಲ."

ಅವನ ಕಂಬಳಿ ಹೊದ್ದು ಕುರಿಗಳ ನಡುವೆ ಕೂತೆ. ಮೂರನೆಯ ಮುಂಜಾನೆ ಎದುರಿನ ಮೊರಡಿ ದಿಬ್ಬದ ಮೇಲೆ ಗಂಡುಹಕ್ಕಿ ಕಾಣಿಸಿತು. ಕೊರಳಿನ ಬಿಳಿ ಚೀಲ ಉಬ್ಬಿಸಿ, ಬಾಲವೆತ್ತಿ ನಿಂತಿತ್ತು. ಕಂಬಳಿಯೊಳಗಿಂದಲೇ ಪೆನ್ಸಿಲ್ ತೆಗೆದು ಬರೆದುಕೊಂಡೆ.

ಆ ಚಿತ್ರ ನೋಡಿದ ಅರಣ್ಯ ಇಲಾಖೆಯ ಸಾಹೇಬರು, ಹಕ್ಕಿ ಉಳಿಸಿರೆಂದು ರಸ್ತೆ ಬದಿಗೆ ನನ್ನಿಂದಲೇ ದೊಡ್ಡ ಬೋರ್ಡು ಬರೆಸಿದರು. ಹಕ್ಕಿಯ ಹಿಂದೆ ಆ ಮೊರಡಿ, ಅದರ ಬುಡದ ಒಂಟಿ ಜಾಲಿಮರ, ಪಕ್ಕದ ಹಾಳುಬಾವಿ ಎಲ್ಲ ಇದ್ದಂತೆಯೇ ಬರೆದೆ.

ಅಜ್ಜ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತ. "ನಮ್ಮ ಮೊರಡಿ ಚಿತ್ರಾ ಯಾಕ ತಗದ್ರಿ? ಹಕ್ಕಿ ಅಷ್ಟ ತಗದಿದ್ರ ಸಾಕಾಗಿತ್ತಲ್ರಿ."

"ಚಂದ ಕಾಣ್ತೈತಿ ಅಜ್ಜಾ" ಎಂದು ನಕ್ಕೆ.

ಎರಡು ತಿಂಗಳಾಗಿರಬೇಕು. ಒಂದು ಭಾನುವಾರ ಬೆಳಗ್ಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ನಮ್ಮ ಮನೆ ಮುಂದೆ ಜೀಪು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಬಂದೂಕಿತ್ತು. ಗೋಣಿಚೀಲ ತಂದು ಪಡಸಾಲೆಯಲ್ಲಿ ಬಿಚ್ಚಿದ. ಒಳಗೆ ಅದೇ ಗಂಡುಹಕ್ಕಿ.

"ನಿಮ್ಮ ಬೋರ್ಡ್ ನೋಡೇ ಜಾಗಾ ಗುರ್ತು ಹಿಡದ್ನಿರಿ ಮಾಸ್ತರ. ಅಡಗಿಗೆ ಕೊಡೂದ್ರಾಗ ಇದರದೊಂದು ಚಿತ್ರ ತಗದು ಕೊಡ್ರಿ. ಅಂಗಡಿಯಾಗ ಹಾಕ್ತೀನಿ."

ನಾನು ಕೂಗಾಡಬೇಕಿತ್ತು. ಕಾಗದ ತಂದೆ. ಅವನಿಗೊಂದು ಚಿತ್ರ ಗೀಚಿದೆ. ಆಮೇಲೆ ನನಗಾಗಿ ಇನ್ನೊಂದು ಹಾಳೆ ತೆಗೆದು, ರೆಕ್ಕೆ ಬಿಡಿಸಿ ಸ್ಕೇಲಿಟ್ಟು ಅಳೆದೆ. ದೂರದಿಂದ ಎಂದೂ ಕಾಣದಿದ್ದ ಕೊರಳಿನ ಸಣ್ಣ ಗೆರೆಗಳನ್ನು ಒಂದೊಂದಾಗಿ ಬರೆದುಕೊಂಡೆ. ಅದರ ಮೈ ಇನ್ನೂ ಬಿಸಿಯಾಗಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು, "ಖರೇನ ಇದನ್ನ ತಗ್ಯಾಕತ್ತೀರೇನ್ರಿ?" ಎಂದಳು. ನಾನು ಮುಂದಿನ ಗೆರೆ ಎಳೆದೆ.

ಯಾರಿಗೂ ದೂರು ಕೊಡಲಿಲ್ಲ. ಕೊಟ್ಟರೆ ದಾರಿ ತೋರಿಸಿದ್ದು ಯಾರೆಂಬ ಮಾತು ಬರುತ್ತಿತ್ತು.

ಪುಸ್ತಕ ಬಂತು. ಆ ಹಾಳೆಯಿಂದ ಬರೆದ ಎರೆಭೂತವೇ ಮುಖಪುಟ. "ಜೀವ ತುಂಬಿದ್ದೀರಿ" ಎಂದು ಪ್ರೊಫೆಸರು ಕಾಗದ ಬರೆದರು. ಆ ಕಾಗದ ಹರಿದು ಒಲೆಗೆ ಹಾಕಿದೆ.

ಮಳೆ ಬಿದ್ದ ಮೇಲೆ ಹುಲ್ಲುಗಾವಲಿಗೆ ಹೋದೆ. ಅಜ್ಜ ಮೊರಡಿಯತ್ತ ಕೈ ಮಾಡಿದ. "ಹೆಣ್ಣು ಒಂದೈತ್ರಿ. ದಿನಾ ಮುಂಜಾನೆ ಬಂದು ನಿಂದರತೈತಿ. ಗಂಡನ್ನ ಯಾರ ಹೊಡದ್ರೋ, ನಿಮಗೇನರ ಗೊತ್ತೇನ್ರಿ?"

"ಇಲ್ಲ ಅಜ್ಜಾ" ಎಂದೆ.

ಅವನು ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟ.

ಮರುವರ್ಷ ಆ ಹೆಣ್ಣೂ ಬರಲಿಲ್ಲ. ಅಲ್ಲಿಂದ ಮುಂದೆ ನಾನು ಹಕ್ಕಿ ಬರೆದಿಲ್ಲ.